ಡೈರಿ ಖಾಲಿ ಇರುವ ದಿನಗಳಲ್ಲಿ ಹೊಸ ಕ್ಲೈಂಟ್‌ಗಳು ಬರುವ ಹಾಗೆ ಮಾಡೋದು ಹೇಗೆ: ಸ್ವಂತ ಪ್ರಾಕ್ಟೀಸ್ ಇರುವವರಿಗೆ ಸಮಗ್ರ ಮಾರ್ಗದರ್ಶಿ

ಮಂಗಳವಾರ ಬೆಳಿಗ್ಗೆ ಡೈರಿ ತೆರೆದರೆ ಇಡೀ ದಿನಕ್ಕೆ ಒಂದೇ ಸೆಷನ್. ಬುಧವಾರ ಎರಡು. ಗುರುವಾರದ ಹಾಳೆ ಪೂರ್ತಿ ಬಿಳಿ. ಕೌನ್ಸೆಲರ್ ಆಗಿರಲಿ, ಫಿಸಿಯೋಥೆರಪಿಸ್ಟ್ ಆಗಿರಲಿ, ಡಯಟಿಷಿಯನ್ ಆಗಿರಲಿ, ಸ್ವಂತ ಪ್ರಾಕ್ಟೀಸ್ ನಡೆಸುವ ಎಲ್ಲರಿಗೂ ಆ ಬಿಳಿ ಹಾಳೆ ನೋಡಿದಾಗ ಹೊಟ್ಟೆಯೊಳಗೆ ಏನಾಗುತ್ತದೆ ಅಂತ ಗೊತ್ತು. ತಿಂಗಳ ಬಾಡಿಗೆ ನೆನಪಾಗುತ್ತದೆ. ಆಮೇಲೆ ಮನಸ್ಸು ನೇರವಾಗಿ "ನನ್ನ ಕೆಲಸದಲ್ಲೇ ಏನೋ ಕೊರತೆ ಇದೆ" ಅನ್ನುವ ಕಡೆ ಹೋಗಿ ನಿಲ್ಲುತ್ತದೆ.

ನಾನು ಕೌನ್ಸೆಲರ್, ಹಲವು ವರ್ಷಗಳಿಂದ ಒಬ್ಬಳೇ ಪ್ರಾಕ್ಟೀಸ್ ಮಾಡುತ್ತಿದ್ದೇನೆ. ಇಂಥ ಖಾಲಿ ವಾರಗಳನ್ನು ಎಷ್ಟೋ ಸಲ ದಾಟಿದ್ದೇನೆ. ಗಾಬರಿಯಲ್ಲಿ ಜನ ಸಾಮಾನ್ಯವಾಗಿ ಎರಡರಲ್ಲಿ ಒಂದು ಕೆಲಸ ಮಾಡುತ್ತಾರೆ: ಜಾಹೀರಾತಿಗೆ ದುಡ್ಡು ಸುರಿಯುತ್ತಾರೆ, ಇಲ್ಲವೇ ಫೀಸು ಇಳಿಸುತ್ತಾರೆ. ಸದ್ಯಕ್ಕೆ ಎರಡೂ ಬೇಡ. ನಿಮ್ಮಂಥವರನ್ನು ಹುಡುಕುತ್ತಿರುವ ಜನ ಈ ವಾರವೂ ಇದ್ದಾರೆ, ಅವರಲ್ಲಿ ಕೆಲವರು ಅರ್ಧ ದಾರಿ ಬಂದು ವಾಪಸ್ ಹೋಗುತ್ತಿದ್ದಾರೆ. ಮೊದಲು ಆ ದಾರಿಯನ್ನು ಸರಿ ಮಾಡಬೇಕು. ಹೊಸ ಜನರನ್ನು ಕರೆಯೋದು ಆಮೇಲೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿರುವ ಕೆಲವು ಕೆಲಸಗಳ ಫಲ ಈ ವಾರವೇ ಕಾಣುತ್ತದೆ, ಕೆಲವಕ್ಕೆ ಎರಡು ಮೂರು ತಿಂಗಳು ಬೇಕು. ಎರಡನ್ನೂ ಒಟ್ಟಿಗೆ ಶುರು ಮಾಡಿ.

ಹಂತ 1: ತೂತು ಎಲ್ಲಿದೆ ಅಂತ ಮೊದಲು ನೋಡಿ

ಕಳೆದ 24 ತಿಂಗಳ ಡೈರಿ, ಫೋನ್, ಇಮೇಲ್ ಎಲ್ಲ ಮುಂದಿಟ್ಟುಕೊಂಡು ಕೂತುಕೊಳ್ಳಿ. ಒಂದು ಹಾಳೆಯಲ್ಲಿ ತಿಂಗಳಿಗೊಂದು ಸಾಲು ಎಳೆಯಿರಿ. ಪ್ರತಿ ಸಾಲಿನಲ್ಲಿ ನಾಲ್ಕು ಅಂಕಿ ಬರೆಯಿರಿ: ವಿಚಾರಿಸಿದವರು ಎಷ್ಟು ಜನ, ಮೊದಲ ಸೆಷನ್‌ಗೆ ಬಂದವರು ಎಷ್ಟು, ಮೂರನೇ ಸೆಷನ್‌ವರೆಗೆ ಉಳಿದವರು ಎಷ್ಟು, ಯಾರ ಮೂಲಕ ಬಂದರು. ಅಂಕಿ ಪಕ್ಕಾ ಇರಬೇಕಾಗಿಲ್ಲ, ಅಂದಾಜು ಸಾಕು. ಅರ್ಧ ದಿನದ ಕೆಲಸ. ಹೇಗೂ ಗುರುವಾರ ಖಾಲಿ ಇದೆಯಲ್ಲ.

ಹಾಳೆ ತುಂಬಿದ ಮೇಲೆ ಮೊದಲು ಹೋದ ವರ್ಷದ ಇದೇ ತಿಂಗಳನ್ನು ನೋಡಿ. ಆಗಲೂ ಹೀಗೇ ತಣ್ಣಗಿತ್ತಾ? ಹಾಗಿದ್ದರೆ ಇದು ಪ್ರತಿ ವರ್ಷ ಬರುವ ಇಳಿತ. ರಜೆ, ಪರೀಕ್ಷೆ, ವರ್ಷಾಂತ್ಯದ ಖರ್ಚು, ಇವೆಲ್ಲ ಎಲ್ಲಾ ಕಡೆ ಪ್ರಾಕ್ಟೀಸನ್ನು ತಟ್ಟುತ್ತವೆ. ಬೇಕಿದ್ದರೆ ಗೂಗಲ್ ಟ್ರೆಂಡ್ಸ್ ತೆರೆದು, ನಿಮ್ಮ ಸೇವೆಯ ಹೆಸರು ಹಾಕಿ ಕಳೆದ 5 ವರ್ಷದ ಗೆರೆ ನೋಡಿ. ಅದು ಉಚಿತ, 2004ರಿಂದ ಇಲ್ಲಿಯವರೆಗಿನ ಹುಡುಕಾಟದ ಏರಿಳಿತ ಅದರಲ್ಲಿ ಸಿಗುತ್ತದೆ. ಪ್ರತಿ ವರ್ಷ ಒಂದೇ ಸಮಯಕ್ಕೆ ಗೆರೆ ಕೆಳಗೆ ಬೀಳುತ್ತಿದ್ದರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ.

ಆಮೇಲೆ ಅಂಕಿಗಳನ್ನು ಹೋಲಿಸಿ. ವಿಚಾರಣೆಯೇ ಕಡಿಮೆಯಾಗಿದ್ದರೆ ನೀವು ಜನರ ಕಣ್ಣಿಗೆ ಬೀಳುತ್ತಿಲ್ಲ, ಹಂತ 4ರಿಂದ 7ರವರೆಗೆ ಹೆಚ್ಚು ಗಮನ ಕೊಡಿ. ವಿಚಾರಣೆ ಬರುತ್ತಿದೆ ಆದರೆ ಜನ ಬುಕ್ ಮಾಡುತ್ತಿಲ್ಲ ಅಂದರೆ ತೊಂದರೆ ಮೊದಲ ಮಾತುಕತೆಯಲ್ಲಿದೆ, ಹಂತ 2 ಮತ್ತು 3 ನಿಮಗೆ. ಬರುತ್ತಾರೆ, ಎರಡು ಸಲ ಬಂದು ನಿಲ್ಲಿಸುತ್ತಾರೆ ಅಂತಾದರೆ ಎಷ್ಟು ಹೊಸಬರನ್ನು ಕರೆತಂದರೂ ಅದು ತೂತು ಕೊಡಕ್ಕೆ ನೀರು ತುಂಬಿದ ಹಾಗೆ.

ಈ ಮೂರನೆಯದು ಬಹಳ ಜನ ಗಮನಿಸದ ವಿಷಯ, ಅದಕ್ಕೆ ಸ್ವಲ್ಪ ನಿಲ್ಲುತ್ತೇನೆ. ಮಾನಸಿಕ ಚಿಕಿತ್ಸೆಯನ್ನು ಅರ್ಧಕ್ಕೇ ಬಿಡುವವರ ಬಗ್ಗೆ 669 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಒಂದು ವಿಶ್ಲೇಷಣೆ 2012ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಸುಮಾರು ಐವರಲ್ಲಿ ಒಬ್ಬರು ಮಧ್ಯದಲ್ಲೇ ನಿಲ್ಲಿಸುತ್ತಾರೆ. ಅಂದರೆ ಒಂದಷ್ಟು ಜನ ಬಿಟ್ಟುಹೋಗೋದು ಸಹಜ, ಅದು ನಿಮ್ಮೊಬ್ಬರ ಕಥೆಯಲ್ಲ. ಆದರೆ ನಿಮ್ಮ ಹಾಳೆಯಲ್ಲಿ ಐವರಲ್ಲಿ ಮೂವರು ಹೋಗುತ್ತಿದ್ದಾರೆ ಅಂದರೆ ಕೂತು ಯೋಚಿಸಬೇಕು. ಪ್ರತಿ ಸೆಷನ್ನಿನ ಕೊನೆಯ 5 ನಿಮಿಷ ಇದಕ್ಕಾಗಿ ಇಟ್ಟುಕೊಳ್ಳಿ. ಸೆಷನ್ ರೇಟಿಂಗ್ ಸ್ಕೇಲ್ ಅಂತ ಬರೀ 4 ಪ್ರಶ್ನೆಗಳ ಒಂದು ಚೀಟಿ ಇದೆ: ನನ್ನ ಮಾತನ್ನು ಕೇಳಿಸಿಕೊಂಡರಾ, ನನಗೆ ಬೇಕಾದ ವಿಷಯವನ್ನೇ ಮಾತಾಡಿದೆವಾ, ಈ ರೀತಿ ನನಗೆ ಹೊಂದುತ್ತದಾ, ಒಟ್ಟಾರೆ ಇವತ್ತು ಹೇಗಿತ್ತು. ಚೀಟಿ ಬೇಡ ಅನ್ನಿಸಿದರೆ ಬಾಯಲ್ಲೇ ಕೇಳಿ. "ಇವತ್ತು ಯಾವುದಾದರೂ ಮಾತು ಸರಿ ಅನ್ನಿಸಲಿಲ್ಲವಾ?" ಅಂತ ಕೇಳಿದ ಮೇಲೆ ಸುಮ್ಮನೆ ಕಾಯಬೇಕು. ಮೊದಲ ಉತ್ತರ "ಇಲ್ಲ ಇಲ್ಲ, ಚೆನ್ನಾಗಿತ್ತು" ಅಂತಲೇ ಬರುತ್ತದೆ. ನಿಜವಾದ ಉತ್ತರ ಅದಾದ ಮೇಲೆ ಬರುತ್ತದೆ.

ಹಂತ 2: ನಿಮ್ಮ ಬಾಗಿಲನ್ನು ನೀವೇ ತಟ್ಟಿ ನೋಡಿ

ನಿಮ್ಮ ಬಗ್ಗೆ ಏನೂ ಗೊತ್ತಿಲ್ಲದವರ ಫೋನ್ ಒಂದನ್ನು ಇಸ್ಕೊಳ್ಳಿ. ನಿಮ್ಮ ಫೋನ್ ಬೇಡ, ಅದಕ್ಕೆ ನಿಮ್ಮ ಹುಡುಕಾಟದ ಅಭ್ಯಾಸ ಗೊತ್ತು. ಆ ಫೋನಿನಲ್ಲಿ ನಿಮ್ಮ ಸೇವೆಯನ್ನು ಹುಡುಕಿ, ನಿಮ್ಮ ಪುಟಕ್ಕೆ ಬನ್ನಿ, ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಲು ಪ್ರಯತ್ನಿಸಿ. ಫಾರ್ಮ್ ತುಂಬಿ ಕಳಿಸಿ. ನಂಬರ್ ಒತ್ತಿ ಕರೆ ಮಾಡಿ. ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಹಾಕಿ.

ನಾನು ಇದನ್ನು ಮೊದಲ ಸಲ ಮಾಡಿದ್ದು ಒಂದು ಕೆಟ್ಟ ತಿಂಗಳಲ್ಲಿ. ಫಾರ್ಮ್ ತುಂಬಿ ಕಳಿಸಿದೆ, "ಧನ್ಯವಾದ, ಶೀಘ್ರದಲ್ಲೇ ಸಂಪರ್ಕಿಸುತ್ತೇವೆ" ಅಂತ ಬಂತು. ಇನ್‌ಬಾಕ್ಸ್ ನೋಡಿದರೆ ಏನೂ ಇಲ್ಲ. ಸ್ಪ್ಯಾಮ್ ಫೋಲ್ಡರ್ ತೆರೆದೆ. ನನ್ನ ಪರೀಕ್ಷೆಯ ಮೆಸೇಜ್ ಅಲ್ಲಿತ್ತು, ಅದರ ಕೆಳಗೆ ಇನ್ನೂ ನಾಲ್ಕು ಜನರ ಮೆಸೇಜ್. ಒಂದು ಐದು ವಾರ ಹಳೆಯದು. "ತುಂಬಾ ದಿನ ಯೋಚಿಸಿ ಬರೆಯುತ್ತಿದ್ದೇನೆ" ಅಂತ ಶುರುವಾಗಿತ್ತು. ಅವರಿಗೆ ಆ ಐದು ವಾರ ಏನನ್ನಿಸಿರಬಹುದು ಅಂತ ಇವತ್ತಿಗೂ ನೆನಪಾಗುತ್ತದೆ. ಸಂಕಟದಲ್ಲಿರುವ ಮನುಷ್ಯ ಧೈರ್ಯ ಮಾಡಿ ಒಂದು ಸಲ ಬಾಗಿಲು ತಟ್ಟುತ್ತಾನೆ, ಯಾರೂ ತೆರೆಯದಿದ್ದರೆ ಎರಡನೇ ಸಲ ತಟ್ಟೋದು ಕಷ್ಟ. ಆ ನಾಲ್ವರಿಗೂ ಅವತ್ತೇ ಕ್ಷಮೆ ಕೇಳಿ ಉತ್ತರ ಬರೆದೆ. ಒಬ್ಬರು ಮಾತ್ರ ಬಂದರು.

ನೋಡಬೇಕಾದ್ದು ಇಷ್ಟು: ಫಾರ್ಮ್ ತಲುಪುತ್ತಿದೆಯಾ, ಫೋನ್ ನಂಬರ್ ಎಲ್ಲಾ ಕಡೆ ಒಂದೇ ಇದೆಯಾ, ಗೂಗಲ್‌ನಲ್ಲಿ ತೋರಿಸುವ ಸಮಯ ಸರಿ ಇದೆಯಾ, ಫೀಸು ಎಷ್ಟು ಅಂತ ಗೊತ್ತಾಗುತ್ತದಾ, ಸೆಷನ್ ಎಷ್ಟು ಹೊತ್ತು, ಆನ್‌ಲೈನ್ ಇದೆಯಾ, ಫೋನ್ ಎತ್ತದಿದ್ದರೆ ಏನಾಗುತ್ತದೆ. ಫೀಸನ್ನು ಬರೆಯಬೇಕಾ ಬೇಡವಾ ಅಂತ ಬಹಳ ಜನ ಕೇಳುತ್ತಾರೆ. ಬರೆಯಿರಿ. ದುಡ್ಡಿನ ಬಗ್ಗೆ ಫೋನಿನಲ್ಲಿ ಕೇಳಲು ನಾಚಿಕೆಪಟ್ಟು ಕರೆಯನ್ನೇ ಮಾಡದವರು ಬಹಳ ಜನ ಇದ್ದಾರೆ.

ಸೆಷನ್‌ನಲ್ಲಿ ಇದ್ದಾಗ ನಿಮಗೆ ಫೋನ್ ಎತ್ತಲು ಆಗುವುದಿಲ್ಲ, ಅದು ಸರಿಯೇ. ಅದಕ್ಕೆ ಒಂದು ತಾನಾಗಿ ಹೋಗುವ ಮೆಸೇಜ್ ಇಡಿ: "ಈಗ ಸೆಷನ್‌ನಲ್ಲಿದ್ದೇನೆ. ಇವತ್ತು ಸಂಜೆ 6ರ ಒಳಗೆ ನಾನೇ ಕರೆ ಮಾಡುತ್ತೇನೆ. ನಿಮಗೆ ಬೇರೆ ಸಮಯ ಅನುಕೂಲ ಇದ್ದರೆ ಬರೆದು ತಿಳಿಸಿ. ತುರ್ತು ಇದ್ದರೆ ದಯವಿಟ್ಟು ತುರ್ತು ಸಹಾಯವಾಣಿಗೆ ಕರೆ ಮಾಡಿ." ಸಹಾಯವಾಣಿಯ ನಂಬರನ್ನೂ ಅದರಲ್ಲೇ ಹಾಕಿ. ಹೇಳಿದ ಸಮಯಕ್ಕೆ ಕರೆ ಮಾಡಿ, ಅದು ಮುಖ್ಯ. ಒಂದೇ ಸಲಕ್ಕೆ ಮೂವರಿಗೆ ಮೆಸೇಜ್ ಹಾಕಿ ಕೂತಿರುವವರು ಸಾಮಾನ್ಯವಾಗಿ ಮೊದಲು ಉತ್ತರ ಕೊಟ್ಟವರ ಹತ್ತಿರ ಹೋಗುತ್ತಾರೆ.

ಹಂತ 3: ಮೊದಲ ಫೋನ್ ಕರೆ

ಇಲ್ಲಿ ಜಾಸ್ತಿ ಹೊತ್ತು ನಿಲ್ಲಬೇಕು. ನನ್ನ ಪ್ರಾಕ್ಟೀಸ್‌ನಲ್ಲಿ ಅತಿ ದೊಡ್ಡ ಬದಲಾವಣೆ ಬಂದದ್ದು ಇಲ್ಲಿಂದ, ಅದಕ್ಕೆ ಒಂದು ಪೈಸೆ ಖರ್ಚಾಗಲಿಲ್ಲ.

ಕರೆ ಮಾಡುವವರು ಸಾಮಾನ್ಯವಾಗಿ ಹೇಗೆ ಶುರು ಮಾಡುತ್ತಾರೆ ಗೊತ್ತಲ್ಲ: "ಮೇಡಂ, ಸುಮ್ನೆ ವಿಚಾರಿಸೋಣ ಅಂತ ಫೋನ್ ಮಾಡಿದೆ. ಫೀಸು ಎಷ್ಟು?" ನಾನು ಮೊದಲೆಲ್ಲ ಫೀಸು ಹೇಳುತ್ತಿದ್ದೆ. "ಸರಿ, ಯೋಚಿಸಿ ಹೇಳ್ತೀನಿ" ಅಂತ ಇಡುತ್ತಿದ್ದರು. ಅವರು ಕೇಳಿದ್ದು ಫೀಸು, ನಾನು ಹೇಳಿದ್ದೂ ಫೀಸು, ಅದರಲ್ಲಿ ತಪ್ಪೇನಿದೆ ಅಂತ ಅಂದುಕೊಂಡಿದ್ದೆ. ಆದರೆ ಫೀಸು ಕೇಳೋದು ಬಾಯಿಗೆ ಸುಲಭವಾಗಿ ಬರುವ ಪ್ರಶ್ನೆ. ಒಳಗಿರುವ ಪ್ರಶ್ನೆಗಳು ಬೇರೆ. ಇವರಿಗೆ ನನ್ನ ಸಮಸ್ಯೆ ಅರ್ಥ ಆಗುತ್ತದಾ? ಇವರ ಎದುರು ಕೂತು ಮಾತಾಡಲು ನನ್ನಿಂದ ಆಗುತ್ತದಾ? ಬೇರೆ ಯಾರಿಗಾದರೂ ಗೊತ್ತಾದರೆ?

ಈಗ ಹೀಗೆ ಮಾತಾಡುತ್ತೇನೆ. "ಖಂಡಿತ ಹೇಳ್ತೀನಿ. ಒಂದು ಸೆಷನ್ 50 ನಿಮಿಷ, ಫೀಸು ಇಷ್ಟು." ಮೊದಲು ನೇರವಾಗಿ ಉತ್ತರ ಕೊಡುತ್ತೇನೆ, ಎಳೆಯುವುದಿಲ್ಲ. ಆಮೇಲೆ: "ಈಗ ಕರೆ ಮಾಡಬೇಕು ಅಂತ ಯಾಕೆ ಅನ್ನಿಸಿತು, ಎರಡು ಮಾತಲ್ಲಿ ಹೇಳಬಹುದಾ? ನಾನು ಸರಿಯಾದ ವ್ಯಕ್ತಿ ಹೌದಾ ಅಂತ ಇಬ್ಬರೂ ನೋಡೋಣ." ಬಹುತೇಕ ಜನ ಇಲ್ಲಿ ಒಂದು ಉಸಿರು ಬಿಡುತ್ತಾರೆ. ಆ ಉಸಿರು ಫೋನಿನಲ್ಲಿ ಕೇಳಿಸುತ್ತದೆ. ಆಮೇಲೆ ಹೇಳುತ್ತಾರೆ: ನಿದ್ದೆ ಬರುತ್ತಿಲ್ಲ, ಮಗಳು ಮಾತಾಡುತ್ತಿಲ್ಲ, ಆಫೀಸಿಗೆ ಹೋಗುವ ದಾರಿಯಲ್ಲಿ ಕೈ ನಡುಗುತ್ತದೆ.

ಅವರು ಹೇಳಿದ್ದನ್ನು ಅವರದೇ ಮಾತಲ್ಲಿ ಒಂದು ಸಲ ತಿರುಗಿ ಹೇಳಿ. ಇಂಥದರಲ್ಲಿ ನಿಮಗೆ ಅನುಭವ ಇದ್ದರೆ ಇದೆ ಅನ್ನಿ, ಇಲ್ಲದಿದ್ದರೆ ಇಲ್ಲ ಅನ್ನಿ, ಅನುಭವ ಇರುವ ಬೇರೊಬ್ಬರ ಹೆಸರು ಕೊಡಿ. ಮೊದಲ ಸೆಷನ್‌ನಲ್ಲಿ ಏನಾಗುತ್ತದೆ ಅಂತ ಮೂರು ವಾಕ್ಯದಲ್ಲಿ ಹೇಳಿ. ಕೊನೆಗೆ ಎರಡು ಸಮಯ ಕೊಡಿ: "ಗುರುವಾರ 11 ಗಂಟೆಗೆ ಇದೆ, ಶನಿವಾರ 4ಕ್ಕೆ ಇದೆ. ಯಾವುದು ಅನುಕೂಲ?" ಡೈರಿ ಪೂರ್ತಿ ಖಾಲಿ ಇದ್ದರೂ "ಯಾವಾಗ ಬೇಕಾದರೂ ಬನ್ನಿ" ಅನ್ನಬೇಡಿ. ಮೊದಲೇ ಗೊಂದಲದಲ್ಲಿರುವವರಿಗೆ ಅದು ಇನ್ನೊಂದು ನಿರ್ಧಾರದ ಹೊರೆ. ಯೋಚಿಸಬೇಕು ಅಂದರೆ ಒತ್ತಾಯ ಬೇಡ. "ಯೋಚಿಸಿ. ಶುಕ್ರವಾರ ಒಂದು ಮೆಸೇಜ್ ಹಾಕಲಾ, ಬೇಡವಾ?" ಅಂತ ಒಪ್ಪಿಗೆ ಕೇಳಿ. ಹೂಂ ಅಂದರೆ ಶುಕ್ರವಾರ ಒಂದೇ ಒಂದು ಮೆಸೇಜ್. ಅದಾದ ಮೇಲೆ ಬಿಟ್ಟುಬಿಡಿ.

10 ನಿಮಿಷಕ್ಕಿಂತ ಜಾಸ್ತಿ ಹೋಗಬೇಡಿ. ಫೋನಿನಲ್ಲೇ ಅರ್ಧ ಸೆಷನ್ ಮಾಡಿಬಿಟ್ಟರೆ ಅವರಿಗೆ ಆ ಹೊತ್ತಿಗೆ ಹಗುರ ಆಗುತ್ತದೆ, ನಾಳೆ ಬರಲು ಸಂಕೋಚವಾಗುತ್ತದೆ.

ಹಂತ 4: ನಿಮ್ಮ ಪುಟವನ್ನು ಒಬ್ಬರಿಗಾಗಿ ಬರೆಯಿರಿ

ಬಹುಪಾಲು ಪ್ರಾಕ್ಟೀಸ್‌ಗಳ ಪುಟ ಹೀಗಿರುತ್ತದೆ: "ನಾವು ಖಿನ್ನತೆ, ಆತಂಕ, ಒತ್ತಡ, ದಾಂಪತ್ಯ ಸಮಸ್ಯೆ, ಮಕ್ಕಳ ಸಮಸ್ಯೆ, ವ್ಯಸನ, ಆತ್ಮವಿಶ್ವಾಸ ಮುಂತಾದವುಗಳಿಗೆ ಸಮಗ್ರ ಪರಿಹಾರ ಒದಗಿಸುತ್ತೇವೆ." ಇದರಲ್ಲಿ ಸುಳ್ಳೇನೂ ಇಲ್ಲ, ಆದರೆ ರಾತ್ರಿ ಒಂದು ಗಂಟೆಗೆ ನಿದ್ದೆ ಬಾರದೆ ಫೋನ್ ಹಿಡಿದು ಕೂತಿರುವವರು ಇದನ್ನು ಓದಿ "ಇದು ನನ್ನ ವಿಷಯ" ಅಂದುಕೊಳ್ಳುವುದಿಲ್ಲ.

ಈಗ ಇದನ್ನು ನೋಡಿ: "ಹೆರಿಗೆಯಾಗಿ ಮೂರು ತಿಂಗಳಾಯಿತು. ಎಲ್ಲರೂ ಖುಷಿಯಾಗಿದ್ದಾರೆ. ನಿಮಗೆ ಮಾತ್ರ ಸ್ನಾನದ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅಳು ಬರುತ್ತದೆ. ಯಾರಿಗೆ ಹೇಳಿದರೂ 'ಸರಿಹೋಗುತ್ತೆ ಬಿಡು' ಅನ್ನುತ್ತಾರೆ. ಹೀಗಾಗುವುದು ನಿಮಗೊಬ್ಬರಿಗೇ ಅಲ್ಲ. ಇದಕ್ಕೆ ಸಹಾಯ ಇದೆ." ಇಷ್ಟು ಸಾಕು. ಓದುವವರಿಗೆ ತಮ್ಮ ಮನೆಯೊಳಗೆ ಯಾರೋ ದೀಪ ಹಚ್ಚಿದ ಹಾಗೆ ಅನ್ನಿಸುತ್ತದೆ.

ಹೀಗೆ ಮಾಡಿ. ಕಳೆದ ಎರಡು ವರ್ಷದಲ್ಲಿ ಯಾವ ಬಗೆಯ ಜನರ ಜೊತೆ ನಿಮ್ಮ ಕೆಲಸ ಚೆನ್ನಾಗಿ ನಡೆಯಿತು, ಯಾರ ಸೆಷನ್ ಮುಗಿಸಿ ಎದ್ದಾಗ ನಿಮಗೂ ತೃಪ್ತಿ ಇತ್ತು ಅಂತ ಯೋಚಿಸಿ. ಅದರಲ್ಲಿ ಒಂದೋ ಎರಡೋ ಬಗೆ ಆರಿಸಿಕೊಂಡು, ಪ್ರತಿಯೊಂದಕ್ಕೂ ಬೇರೆ ಪುಟ ಬರೆಯಿರಿ. ಮೊದಲು ಅವರ ದಿನ ಹೇಗಿರುತ್ತದೆ, ಆಮೇಲೆ ನಿಮ್ಮ ಹತ್ತಿರ ಬಂದರೆ ಏನು ಮಾಡುತ್ತೀರಿ, ಎಷ್ಟು ಸೆಷನ್ ಬೇಕಾಗಬಹುದು, ಯಾವುದು ನಿಮ್ಮಿಂದ ಆಗುವುದಿಲ್ಲ. ಪದವಿ, ತರಬೇತಿ, ನೋಂದಣಿ ಎಲ್ಲ ಕೆಳಗೆ ಇರಲಿ, ಆದರೆ ಇರಲೇಬೇಕು. ಖಂಡಿತ ಗುಣ ಆಗುತ್ತದೆ ಅಂತ ಎಲ್ಲೂ ಬರೆಯಬೇಡಿ. ಒಬ್ಬ ಕ್ಲೈಂಟ್‌ನ ಕಥೆಯನ್ನು ಹೆಸರು ಬದಲಿಸಿ ಹಾಕೋದೂ ಬೇಡ, ಹೆಸರು ಬದಲಿಸಿದರೂ ಅವರ ಮನೆಯವರಿಗೆ ಗುರುತು ಸಿಗುತ್ತದೆ.

ಫಿಸಿಯೋಥೆರಪಿಯವರಿಗೂ ಇದೇ ಮಾತು. "ಎಲ್ಲಾ ಬಗೆಯ ನೋವಿಗೆ ಚಿಕಿತ್ಸೆ" ಅನ್ನುವುದಕ್ಕಿಂತ "ಮಂಡಿ ಆಪರೇಷನ್ ಆಗಿ ಎರಡು ತಿಂಗಳಾದರೂ ಮೆಟ್ಟಿಲು ಇಳಿಯಲು ಭಯ ಆಗುತ್ತಿದೆಯಾ?" ಅನ್ನುವುದು ಹೆಚ್ಚು ಜನರನ್ನು ಮುಟ್ಟುತ್ತದೆ.

ಪುಟ ನಿಮ್ಮದೇ ಹೆಸರಿನ ವಿಳಾಸದಲ್ಲಿ ಇರಲಿ. ಗೂಗಲ್ ತನ್ನ ಬಿಸಿನೆಸ್ ಪ್ರೊಫೈಲ್ (ಗೂಗಲ್‌ನಲ್ಲಿ, ಮ್ಯಾಪ್‌ನಲ್ಲಿ ಹುಡುಕಿದಾಗ ನಿಮ್ಮ ವಿಳಾಸ, ಸಮಯ, ನಂಬರ್ ತೋರಿಸುವ ಪುಟ) ಜೊತೆ ಉಚಿತವಾಗಿ ಕೊಡುತ್ತಿದ್ದ ವೆಬ್‌ಸೈಟ್‌ಗಳನ್ನು 2024ರ ಮಾರ್ಚ್‌ನಲ್ಲಿ ನಿಲ್ಲಿಸಿಬಿಟ್ಟಿತು. ಅದನ್ನೇ ನಂಬಿದ್ದವರು ಮತ್ತೆ ಮೊದಲಿಂದ ಶುರು ಮಾಡಬೇಕಾಯಿತು.

ಹಂತ 5: ಕಳಿಸಿಕೊಡುವವರ ಜೊತೆ ಸಂಬಂಧ

ನಿಮ್ಮ ಹಾಳೆಯ ನಾಲ್ಕನೇ ಅಂಕಣ ನೋಡಿ. ಯಾರ ಮೂಲಕ ಬಂದರು? ಎಷ್ಟೋ ಪ್ರಾಕ್ಟೀಸ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕ್ಲೈಂಟ್‌ಗಳು ಮೂರೋ ನಾಲ್ಕೋ ಜನರಿಂದ ಬಂದಿರುತ್ತಾರೆ. ಒಬ್ಬ ಫ್ಯಾಮಿಲಿ ಡಾಕ್ಟರ್, ಒಂದು ಶಾಲೆಯ ಕೌನ್ಸೆಲರ್, ಒಬ್ಬ ವಕೀಲರು, ಒಬ್ಬ ಹಳೆಯ ಸಹೋದ್ಯೋಗಿ. ಅವರಲ್ಲಿ ಒಬ್ಬರು ಊರು ಬಿಟ್ಟರೆ, ನಿವೃತ್ತಿಯಾದರೆ, ಅಥವಾ ನಿಮ್ಮ ಹತ್ತಿರ ಜಾಗ ಇಲ್ಲ ಅಂದುಕೊಂಡುಬಿಟ್ಟರೆ ನಿಮ್ಮ ಡೈರಿಯ ಕಾಲು ಭಾಗ ಸದ್ದಿಲ್ಲದೆ ಖಾಲಿಯಾಗುತ್ತದೆ. ಈ ಕೊನೆಯದು ತುಂಬಾ ಸಲ ಆಗುತ್ತದೆ. ಆರು ತಿಂಗಳ ಹಿಂದೆ ನೀವು "ಸದ್ಯಕ್ಕೆ ಹೊಸಬರನ್ನು ತಗೊಳ್ತಿಲ್ಲ" ಅಂದಿರುತ್ತೀರಿ. ನಿಮಗೆ ಅದು ಮರೆತಿರುತ್ತದೆ, ಅವರಿಗೆ ಮರೆತಿರುವುದಿಲ್ಲ.

ಹಾಗಾಗಿ ಇವತ್ತೇ ಮಾಡಬಹುದಾದ ಕೆಲಸ: ಹಿಂದೆ ಕಳಿಸಿಕೊಟ್ಟ ಎಲ್ಲರ ಪಟ್ಟಿ ಮಾಡಿ, ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಬರೆಯಿರಿ. ಎಲ್ಲರಿಗೂ ಒಂದೇ ಮೆಸೇಜ್ ಫಾರ್ವರ್ಡ್ ಮಾಡಬೇಡಿ. ನಾನು ಬರೆಯೋದು ಹೆಚ್ಚುಕಡಿಮೆ ಹೀಗಿರುತ್ತದೆ:

"ಡಾಕ್ಟರೇ, ನಮಸ್ಕಾರ. ಹೋದ ವರ್ಷ ನೀವು ನನ್ನ ಹತ್ತಿರ ಕೆಲವರನ್ನು ಕಳಿಸಿದ್ದಿರಿ, ಆ ನಂಬಿಕೆಗೆ ಧನ್ಯವಾದ. ಈ ತಿಂಗಳಿಂದ ವಾರಕ್ಕೆ ಮೂರು ಹೊಸ ಜಾಗ ಇದೆ, ಮಂಗಳವಾರ ಮತ್ತು ಗುರುವಾರ ಬೆಳಿಗ್ಗೆ. ಪ್ಯಾನಿಕ್ ಮತ್ತು ನಿದ್ದೆಯ ತೊಂದರೆ ಇರುವವರ ಜೊತೆ ಹೆಚ್ಚು ಕೆಲಸ ಮಾಡುತ್ತಿದ್ದೇನೆ. ಕರೆ ಮಾಡಿದವರಿಗೆ ಅದೇ ದಿನ ಉತ್ತರ ಕೊಡುತ್ತೇನೆ. ಒಂದು ಪ್ರಶ್ನೆ: ನಿಮ್ಮ ಹತ್ತಿರ ಬರುವವರಲ್ಲಿ ಯಾವ ಬಗೆಯವರಿಗೆ ಕೌನ್ಸೆಲರ್ ಸಿಗೋದು ಕಷ್ಟ ಆಗುತ್ತಿದೆ?"

ಆ ಕೊನೆಯ ಪ್ರಶ್ನೆಯೇ ಈ ಮೆಸೇಜಿನ ಜೀವ. ಅದಕ್ಕೆ ಉತ್ತರ ಬಂದರೆ ಯಾವ ಪುಟ ಬರೆಯಬೇಕು, ಯಾವ ತರಬೇತಿ ತೆಗೆದುಕೊಳ್ಳಬೇಕು ಅಂತಲೂ ತಿಳಿಯುತ್ತದೆ.

ಹೊಸಬರನ್ನೂ ಪರಿಚಯ ಮಾಡಿಕೊಳ್ಳಿ, ವಾರಕ್ಕೆ ಇಬ್ಬರು ಸಾಕು. ನಿಮ್ಮ ಕ್ಲೈಂಟ್‌ಗಳು ನಿಮ್ಮ ಹತ್ತಿರ ಬರುವ ಮೊದಲು ಯಾರ ಹತ್ತಿರ ಹೋಗಿರುತ್ತಾರೆ ಅಂತ ಯೋಚಿಸಿದರೆ ಹೆಸರುಗಳು ತಾವಾಗೇ ಬರುತ್ತವೆ. ನಿದ್ದೆ ಬಾರದವರು ಮೊದಲು ಫ್ಯಾಮಿಲಿ ಡಾಕ್ಟರ್ ಹತ್ತಿರ ಹೋಗುತ್ತಾರೆ. ಹೆರಿಗೆಯ ನಂತರದ ಖಿನ್ನತೆ ಮೊದಲು ಕಾಣೋದು ಮಕ್ಕಳ ಡಾಕ್ಟರಿಗೆ, ಲಸಿಕೆಗೆ ಬಂದಾಗ. ವಿಚ್ಛೇದನದವರು ವಕೀಲರ ಹತ್ತಿರ. ನಿಮ್ಮದೇ ಕೆಲಸ ಮಾಡುವ ಬೇರೆ ಕೌನ್ಸೆಲರ್‌ಗಳನ್ನು ಪೈಪೋಟಿ ಅಂದುಕೊಳ್ಳಬೇಡಿ. ಅವರ ಡೈರಿ ತುಂಬಿದಾಗ, ಅಥವಾ ಗಂಡ ಹೆಂಡತಿ ಇಬ್ಬರಿಗೂ ಬೇರೆಬೇರೆ ಕೌನ್ಸೆಲರ್ ಬೇಕಾದಾಗ ಮೊದಲು ನೆನಪಾಗುವ ಹೆಸರು ನಿಮ್ಮದಾಗಲಿ. ಹೋಗಿ 15 ನಿಮಿಷ ಕೂತು ಮಾತಾಡಿ ಬನ್ನಿ, ನಿಮ್ಮ ಬಗ್ಗೆ ಹೇಳೋದಕ್ಕಿಂತ ಅವರ ಕೆಲಸದ ಬಗ್ಗೆ ಜಾಸ್ತಿ ಕೇಳಿ.

ಯಾರಾದರೂ ಒಬ್ಬರನ್ನು ಕಳಿಸಿದರೆ, ಆ ಕ್ಲೈಂಟ್‌ನ ಲಿಖಿತ ಒಪ್ಪಿಗೆ ಇದ್ದರೆ ಮಾತ್ರ ಎರಡು ಸಾಲು ಬರೆಯಿರಿ: ಬಂದರು, ಕೆಲಸ ಶುರುವಾಗಿದೆ. ಒಪ್ಪಿಗೆ ಇಲ್ಲದಿದ್ದರೆ ಅವರು ಬಂದರು ಅನ್ನುವುದನ್ನೂ ಹೇಳುವ ಹಾಗಿಲ್ಲ. ಮತ್ತೆ ಕಮಿಷನ್ ಅನ್ನೋದು ಬೇಡವೇ ಬೇಡ. ಕೊಡಲೂಬೇಡಿ, ತಗೊಳ್ಳಲೂಬೇಡಿ. ಅಮೆರಿಕನ್ ಕೌನ್ಸೆಲಿಂಗ್ ಅಸೋಸಿಯೇಷನ್ ಸೇರಿದಂತೆ ಬಹಳಷ್ಟು ವೃತ್ತಿ ಸಂಘಗಳ ನೀತಿ ಸಂಹಿತೆ ಇದನ್ನು ನಿಷೇಧಿಸುತ್ತದೆ. ನಿಷೇಧ ಇಲ್ಲದ ಕಡೆಯೂ, ದುಡ್ಡಿಗಾಗಿ ಕಳಿಸಿದ್ದಾರೆ ಅಂತ ಕ್ಲೈಂಟ್‌ಗೆ ಗೊತ್ತಾದ ದಿನ ಇಬ್ಬರ ಮೇಲಿನ ನಂಬಿಕೆಯೂ ಹೋಗುತ್ತದೆ.

ಹಂತ 6: ಹಳಬರ ವಿಷಯ

ಹಳೆಯ ಕ್ಲೈಂಟ್‌ಗಳಿಗೆ "ಮತ್ತೆ ಬನ್ನಿ" ಅಂತ ಮೆಸೇಜ್ ಹಾಕಬೇಡಿ. ಕೌನ್ಸೆಲಿಂಗ್‌ನಲ್ಲಿ ಇದು ತಪ್ಪು. ಚೆನ್ನಾಗಿರುವವರಿಗೆ ಅನುಮಾನ ಹುಟ್ಟಿಸುತ್ತದೆ, ಆ ಫೋನನ್ನು ಮನೆಯಲ್ಲಿ ಬೇರೆಯವರು ನೋಡಬಹುದು.

ಸರಿಯಾದ ದಾರಿ ಮೊದಲೇ ಶುರುವಾಗುತ್ತದೆ. ಸೆಷನ್‌ಗಳು ಮುಗಿಯುವಾಗಲೇ "ಮೂರು ತಿಂಗಳ ನಂತರ ಹೇಗಿದ್ದೀರಿ ಅಂತ ಒಂದು ಸಲ ನೋಡೋಣವಾ? ಯಾವ ನಂಬರಿಗೆ ನೆನಪಿಸಲಿ?" ಅಂತ ಕೇಳಿ ಬರೆದಿಟ್ಟುಕೊಳ್ಳಿ. ಒಪ್ಪಿದವರಿಗೆ ಆ ದಿನ ಮೆಸೇಜ್ ಹೋಗುತ್ತದೆ. ಹಾಗೆಯೇ ನೀವು ಬಿಡುವಿಲ್ಲದಿದ್ದಾಗ ಕಾಯುವ ಪಟ್ಟಿಯಲ್ಲಿ ಹೆಸರು ಬರೆಸಿ ಹೋದವರಿಗೆ ಇವತ್ತೇ ಕರೆ ಮಾಡಿ, ಅವರು ತಾವಾಗಿ ಕೇಳಿದವರು. ಡಯಟಿಷಿಯನ್, ಫಿಸಿಯೋ, ದಂತವೈದ್ಯರಿಗೆ ಇದು ಇನ್ನೂ ಸುಲಭ, ಮರುಪರೀಕ್ಷೆ ಅಲ್ಲಿ ಮಾಮೂಲು.

ಹಂತ 7: ಗೂಗಲ್ ಪ್ರೊಫೈಲ್ ಮತ್ತು ರಿವ್ಯೂಗಳು

ಹತ್ತಿರದಲ್ಲಿ ಯಾರಿದ್ದಾರೆ ಅಂತ ಹುಡುಕುವಾಗ ಗೂಗಲ್ ಮೂರು ವಿಷಯ ನೋಡುತ್ತದೆ, ಅದನ್ನು ಅವರೇ ಹೇಳಿದ್ದಾರೆ: ಹುಡುಕಿದ್ದಕ್ಕೆ ನೀವು ಎಷ್ಟು ಹೊಂದುತ್ತೀರಿ, ಎಷ್ಟು ದೂರದಲ್ಲಿದ್ದೀರಿ, ಎಷ್ಟು ಪರಿಚಿತರು. ದೂರ ನಿಮ್ಮ ಕೈಯಲ್ಲಿಲ್ಲ. ಉಳಿದ ಎರಡು ಇವೆ. ಗೂಗಲ್ ಬಿಸಿನೆಸ್ ಪ್ರೊಫೈಲ್ ಉಚಿತ, 2021ರವರೆಗೆ ಅದರ ಹೆಸರು ಗೂಗಲ್ ಮೈ ಬಿಸಿನೆಸ್ ಅಂತಿತ್ತು. ಮುಖ್ಯ ವಿಭಾಗವನ್ನು ಸರಿಯಾಗಿ ಆರಿಸಿ, ಸೇವೆಗಳನ್ನು ಒಂದೊಂದಾಗಿ ಬರೆಯಿರಿ, ರಜೆಯ ದಿನ ಹಾಕಿ, ಕೋಣೆಯ ಫೋಟೋ ಹಾಕಿ. ನಾನು ಕಾಯುವ ಜಾಗದ ಫೋಟೋ ಮತ್ತು ಕಟ್ಟಡದ ಬಾಗಿಲಿನ ಫೋಟೋ ಹಾಕಿದ ಮೇಲೆ "ಎಲ್ಲಿಗೆ ಬರಬೇಕು ಅಂತ ನೋಡ್ಕೊಂಡಿದ್ದೆ" ಅಂತ ಮೊದಲ ಸಲ ಬಂದವರು ಹೇಳಲು ಶುರು ಮಾಡಿದರು. ಹೆಸರಿನ ಜಾಗದಲ್ಲಿ "ಅತ್ಯುತ್ತಮ ಕೌನ್ಸೆಲರ್" ಅಂತೆಲ್ಲ ಸೇರಿಸಬೇಡಿ, ಅದು ಗೂಗಲ್ ನಿಯಮಕ್ಕೆ ವಿರುದ್ಧ. ಮನೆಯಿಂದ ಕೆಲಸ ಮಾಡುವವರು, ಕ್ಲೈಂಟ್‌ಗಳು ಅಲ್ಲಿಗೆ ಬರುವುದಿಲ್ಲ ಅಂದರೆ, ಮನೆ ವಿಳಾಸ ಎಲ್ಲರಿಗೂ ಕಾಣುವ ಹಾಗೆ ಹಾಕಬಾರದು.

ರಿವ್ಯೂಗಳ ವಿಷಯಕ್ಕೆ ಬಂದರೆ, ನಿಮ್ಮ ವೃತ್ತಿ ಯಾವುದು ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್‌ನ ನೀತಿ ಸಂಹಿತೆಯ 5.05ನೇ ಅಂಶ, ಈಗ ಚಿಕಿತ್ಸೆಯಲ್ಲಿರುವವರ ಹತ್ತಿರ ಪ್ರಶಂಸೆ ಕೇಳಬಾರದು ಅನ್ನುತ್ತದೆ. ಕಾರಣ ಸರಳ. ತನ್ನ ಗುಟ್ಟೆಲ್ಲ ನಿಮ್ಮ ಮುಂದೆ ಇಟ್ಟವರು ನೀವು ಕೇಳಿದರೆ ಇಲ್ಲ ಅನ್ನಲು ಆಗುವುದಿಲ್ಲ. ನಿಮ್ಮ ಸಂಘದ ನಿಯಮ ಓದಿ. ಕೇಳಲು ಅವಕಾಶ ಇರುವ ವೃತ್ತಿಯಾದರೂ ರಿವ್ಯೂಗೆ ಬದಲಾಗಿ ರಿಯಾಯಿತಿ, ಉಡುಗೊರೆ ಕೊಡುವ ಹಾಗಿಲ್ಲ, ಗೂಗಲ್ ಅದನ್ನು ಒಪ್ಪುವುದಿಲ್ಲ.

ಯಾರಾದರೂ ತಾವಾಗೇ ಬರೆದರೆ ಉತ್ತರಿಸುವಾಗ ಎಚ್ಚರ. "ನಮ್ಮಲ್ಲಿಗೆ ಬಂದಿದ್ದಕ್ಕೆ ಧನ್ಯವಾದ" ಅಂದರೂ ಅವರು ನಿಮ್ಮ ಕ್ಲೈಂಟ್ ಅಂತ ನೀವೇ ಹೇಳಿದ ಹಾಗಾಯಿತು. ಕೆಟ್ಟ ರಿವ್ಯೂಗೆ ಸಮಜಾಯಿಷಿ ಕೊಡಲು ಹೋದರೆ ಇನ್ನೂ ಅಪಾಯ. "ಗೌಪ್ಯತೆಯ ಕಾರಣಕ್ಕೆ ಇಲ್ಲಿ ಯಾರ ಬಗ್ಗೆಯೂ ಮಾತಾಡುವುದಿಲ್ಲ. ಯಾರಿಗೇ ಆಗಲಿ ದೂರು ಇದ್ದರೆ ನೇರವಾಗಿ ಕರೆ ಮಾಡಬಹುದು" ಅಷ್ಟೇ ಬರೆದು ನಿಲ್ಲಿಸಿ.

ಹಂತ 8: ಮಾತು, ಗುಂಪು, ಜಾಹೀರಾತು

ಉಚಿತ ಉಪನ್ಯಾಸ ಕೊಡೋದು ಒಳ್ಳೆಯದೇ, ಆದರೆ ವಿಷಯ ಚಿಕ್ಕದಿರಲಿ. "ಮಾನಸಿಕ ಆರೋಗ್ಯದ ಮಹತ್ವ" ಅಂದರೆ ಯಾರೂ ಬರುವುದಿಲ್ಲ. "ಪರೀಕ್ಷೆಯ ಹಿಂದಿನ ರಾತ್ರಿ ಮಗು ಅತ್ತರೆ ಏನು ಹೇಳಬೇಕು" ಅಂದರೆ ಪೋಷಕರು ಬರುತ್ತಾರೆ. ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನ, ಸೆಪ್ಟೆಂಬರ್ 8ರ ವಿಶ್ವ ಫಿಸಿಯೋಥೆರಪಿ ದಿನ, ಇಂಥವಕ್ಕೆ ಸಂಸ್ಥೆಗಳು ಮಾತಾಡುವವರನ್ನು ಹುಡುಕುತ್ತವೆ. ಆ ವಾರ ಕೇಳಿದರೆ ಜಾಗ ತುಂಬಿರುತ್ತದೆ, ಎರಡು ತಿಂಗಳ ಮೊದಲೇ ಕೇಳಿ. ನಾಲ್ಕು ಅಥವಾ ಆರು ವಾರದ ಸಣ್ಣ ಗುಂಪು ನಡೆಸೋದು ಕೂಡ ಖಾಲಿ ಸಮಯಕ್ಕೆ ಹೊಂದುವ ಕೆಲಸ. ಒಬ್ಬರೇ ಎದುರು ಕೂರಲು ಹೆದರುವವರಿಗೆ ಗುಂಪು ಮೊದಲ ಮೆಟ್ಟಿಲಾಗುತ್ತದೆ.

ಜಾಹೀರಾತು ಕೊನೆಗೆ. ಮೇಲಿನದ್ದೆಲ್ಲ ಸರಿ ಮಾಡಿದ ಮೇಲೂ ವಿಚಾರಣೆ ಕಡಿಮೆ ಇದ್ದರೆ ಗೂಗಲ್ ಆ್ಯಡ್ಸ್‌ನಲ್ಲಿ ಸಣ್ಣ ಮೊತ್ತ ಇಟ್ಟು ನೋಡಿ. ಹಂತ 4ರಲ್ಲಿ ಬರೆದ ಆ ಒಂದು ಪುಟಕ್ಕೇ ಕರೆತನ್ನಿ, ಮುಖಪುಟಕ್ಕೆ ಬೇಡ. ನೀವು ಇರುವ ಪ್ರದೇಶಕ್ಕೆ ಮಾತ್ರ ಸೀಮಿತ ಮಾಡಿ. "ಕೋರ್ಸ್", "ಉದ್ಯೋಗ", "ಸಂಬಳ" ಇಂಥ ಪದಗಳನ್ನು ಹೊರಗಿಡುವ ಪಟ್ಟಿಗೆ ಹಾಕಿ, ಇಲ್ಲದಿದ್ದರೆ ಕೌನ್ಸೆಲರ್ ಆಗಬೇಕು ಅಂತ ಓದುತ್ತಿರುವವರ ಕ್ಲಿಕ್ಕಿಗೆಲ್ಲ ದುಡ್ಡು ಹೋಗುತ್ತದೆ. ಒಂದು ಸಲ ನಿಮ್ಮ ಪುಟಕ್ಕೆ ಬಂದವರನ್ನು ಬೇರೆ ಕಡೆಯೆಲ್ಲ ಹಿಂಬಾಲಿಸುವ ಜಾಹೀರಾತುಗಳನ್ನು ಆರೋಗ್ಯ ಸಮಸ್ಯೆಗಳ ವಿಷಯದಲ್ಲಿ ಗೂಗಲ್ ಬಿಡುವುದಿಲ್ಲ. ಬಿಟ್ಟರೂ ನೀವು ಮಾಡಬಾರದು. ಖಿನ್ನತೆಯ ಬಗ್ಗೆ ಓದಿದವರ ಪರದೆಯ ಮೇಲೆ, ಪಕ್ಕದಲ್ಲಿ ಯಾರೋ ಕೂತಿರುವಾಗ ಅದೇ ಜಾಹೀರಾತು ಬಂದರೆ ಹೇಗಿರುತ್ತದೆ ಅಂತ ಯೋಚಿಸಿ.

ಫೀಸು ಇಳಿಸಬೇಕಾ?

ಬೇಡ. ಖಾಲಿ ತಿಂಗಳಲ್ಲಿ ಇಳಿಸಿದ ಫೀಸನ್ನು ತುಂಬಿದ ತಿಂಗಳಲ್ಲಿ ಏರಿಸೋದು ತುಂಬಾ ಕಷ್ಟ, ಪೂರ್ತಿ ಫೀಸು ಕೊಡುತ್ತಿರುವ ಹಳಬರಿಗೂ ಅನ್ಯಾಯ. ಅದರ ಬದಲು ವಾರಕ್ಕೆ ಎರಡು ಜಾಗ ಕಡಿಮೆ ಫೀಸಿಗೆ ಅಂತ ವರ್ಷಪೂರ್ತಿ ಇಡಿ. ಯಾರಿಗೆ, ಎಷ್ಟು ಸೆಷನ್‌ವರೆಗೆ ಅಂತ ಪುಟದಲ್ಲೇ ಬರೆಯಿರಿ. ಬೆಳಗಿನ 11 ಗಂಟೆಯಂಥ ಯಾರೂ ಕೇಳದ ಸಮಯ ಇದಕ್ಕೆ ಸರಿಹೊಂದುತ್ತದೆ.

ವಾರವನ್ನು ಹೇಗೆ ಹಂಚಿಕೊಳ್ಳೋದು

ಖಾಲಿ ಸೆಷನ್ ಸಮಯವನ್ನು ಖಾಲಿ ಬಿಟ್ಟರೆ ದಿನವೆಲ್ಲ ಫೋನ್ ನೋಡುತ್ತಾ ಕೂರುತ್ತೀರಿ. ಆ 50 ನಿಮಿಷವನ್ನು ಸೆಷನ್ ಅಂತಲೇ ಲೆಕ್ಕ ಹಾಕಿ, ಅದೇ ಕುರ್ಚಿಯಲ್ಲಿ ಕೂತು, ಒಂದೇ ಕೆಲಸ ಮಾಡಿ. ಮೊದಲ ವಾರ ಹಾಳೆ ತುಂಬೋದು, ಬಾಗಿಲು ತಟ್ಟಿ ನೋಡೋದು, ಕಾಯುವ ಪಟ್ಟಿಗೆ ಕರೆ. ಎರಡನೇ ವಾರ ಹಳೆಯ ಪರಿಚಯದವರಿಗೆಲ್ಲ ಮೆಸೇಜ್, ಗೂಗಲ್ ಪ್ರೊಫೈಲ್. ಮೂರನೇ ವಾರ ಒಂದು ಪುಟ ಬರೆಯೋದು, ಇಬ್ಬರು ಹೊಸಬರ ಭೇಟಿ. ನಾಲ್ಕನೇ ವಾರ ಒಂದು ಉಪನ್ಯಾಸಕ್ಕೆ ಅವಕಾಶ ಕೇಳೋದು, ಮತ್ತೆ ಇಬ್ಬರ ಭೇಟಿ. ಬಂದ ಪ್ರತಿ ವಿಚಾರಣೆಗೂ "ನನ್ನ ಬಗ್ಗೆ ಹೇಗೆ ಗೊತ್ತಾಯಿತು?" ಅಂತ ಕೇಳಿ ಬರೆದಿಡಿ. ಮೂರು ತಿಂಗಳಾದ ಮೇಲೆ ಆ ಅಂಕಣ ನೋಡಿ, ಯಾರನ್ನೂ ಕರೆತಾರದ ಕೆಲಸವನ್ನು ನಿಲ್ಲಿಸಿ.

ಡೈರಿ ಮತ್ತೆ ತುಂಬಿದಾಗ ಇದೆಲ್ಲ ಕೈಬಿಡೋದು ಸಹಜ, ಮುಂದಿನ ಖಾಲಿ ತಿಂಗಳು ಹುಟ್ಟುವುದು ಅಲ್ಲೇ. ನಾನು ಈಗ ಶುಕ್ರವಾರ ಬೆಳಿಗ್ಗೆ 10ರ ಸಮಯವನ್ನು ಯಾರಿಗೂ ಕೊಡುವುದಿಲ್ಲ. ಆ ಹೊತ್ತಿನಲ್ಲಿ ಒಬ್ಬರಿಗೆ ಬರೆಯುತ್ತೇನೆ, ಫಾರ್ಮ್ ತುಂಬಿ ಕಳಿಸಿ ನೋಡುತ್ತೇನೆ, ಸ್ಪ್ಯಾಮ್ ಫೋಲ್ಡರ್ ತೆರೆಯುತ್ತೇನೆ.